ಇಂಜಿನ್ ಇಳಿಸದೇ ಮನೇಲೇ ಪೇಂಟ್ ಮಾಡಿದ್ದು: ಹಳೇ ಸ್ಪ್ಲೆಂಡರ್, ನನ್ನ ಅನುಭವ

ನನ್ನದು ಹೀರೋ ಹೋಂಡಾ ಕಾಲದ ಸ್ಪ್ಲೆಂಡರ್, 97.2 ಸಿಸಿ, ಸಿಲ್ವರ್ ಇಂಜಿನ್. ಕೆಲಸದ ಮೇಲೆ ಕುಂದಾಪುರ ಕಡೆ ಇದ್ದಾಗ ಉಪ್ಪುಗಾಳಿ, ಮಳೆ ಎರಡೂ ಸೇರಿ ತಿಂದು ಇಂಜಿನ್ ಮೇಲೆಲ್ಲ ಬಿಳೀ ಪೌಡರ್ ಎದ್ದಿತ್ತು, ಕ್ಲಚ್ ಕವರ್ ಪೇಂಟ್ ಅಂತೂ ಉಗುರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆಯಾಗಿ ಬರ್ತಿತ್ತು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯಲ್ಲ, ಹೀಗೇ ಬೆಳ್ಳಗಾಗಿ ಪೇಂಟ್ ಕೆಳಗಿಂದ ಹರಡ್ತಾ ಹೋಗುತ್ತೆ, ಅದನ್ನ ತೆಗೀದೆ ಮೇಲೆ ಎಷ್ಟು ಹೊಡೆದ್ರೂ ಒಂದು ಮಳೆಗಾಲ ನಿಲ್ಲಲ್ಲ. ಗ್ಯಾರೇಜಲ್ಲಿ ಕೇಳಿದ್ರೆ "ಇಂಜಿನ್ ಇಳಿಸ್ಬೇಕು ಸಾರ್, ಮೂರೂವರೆ ಸಾವಿರ ಆಗುತ್ತೆ" ಅಂದ್ರು. ಚೆನ್ನಾಗಿ ಓಡ್ತಿರೋ ಇಂಜಿನ್ನ ಬರೀ ಬಣ್ಣಕ್ಕೋಸ್ಕರ ಇಳಿಸೋದು ನಂಗಂತೂ ಒಪ್ಪಿಗೆ ಇಲ್ಲ. ಬಲಗಡೆ ಕ್ಲಚ್ ಕವರ್ ಮಾತ್ರ ಬಿಚ್ಚಿ, ಮಿಕ್ಕಿದ್ದೆಲ್ಲ ಫ್ರೇಮಲ್ಲೇ ಇಟ್ಟು ಮಾಡ್ದೆ.

ಮೊದಲು ನೋಡ್ಬೇಕಾದ್ದು ಆಯಿಲ್ ಲೀಕ್. ಎಣ್ಣೆ ಜಿನುಗೋ ಜಾಗದಲ್ಲಿ ಯಾವ ಪೇಂಟೂ ಕೂರಲ್ಲ. ನನ್ನ ಗಾಡೀಲಿ ಕಿಕ್ ಶಾಫ್ಟ್ ಆಯಿಲ್ ಸೀಲ್ (ಕಿಕ್ಕರ್ ಕೂರೋ ರಾಡಿನ ಸುತ್ತ ಎಣ್ಣೆ ತಡೆಯೋ ರಬ್ಬರ್ ರಿಂಗು) ಹೋಗಿತ್ತು, ಹೆಂಗೂ ಆಯಿಲ್ ಚೇಂಜ್ ಟೈಮ್ ಬಂದಿತ್ತಲ್ಲ, ಆಯಿಲ್ ಇಳಿಸಿ ಕವರ್ ಬಿಚ್ಚಿ ಸೀಲೂ, ಕವರ್ ಸಂದೀಲಿ ಎಣ್ಣೆ ಸೋರದ ಹಾಗೆ ಕೂರಿಸೋ ಗ್ಯಾಸ್ಕೆಟ್ಟೂ ಹೊಸದು ಹಾಕಿಬಿಟ್ಟೆ. ಸೈಲೆನ್ಸರ್, ಫುಟ್ ರೆಸ್ಟ್, ಕಿಕ್ಕರ್ ತೆಗೀಬೇಕಾಗುತ್ತೆ, ಆಮೇಲೆ 8 ನಂಬರ್ ಟಿ ಸ್ಪ್ಯಾನರ್ ಇದ್ರೆ ಸಾಕು. ಕವರ್ ಬೋಲ್ಟ್‌ಗಳು ಒಂದು ಉದ್ದ ಒಂದು ಗಿಡ್ಡ ಇರ್ತವೆ, ಅದಕ್ಕೆ ರಟ್ಟಿನ ಮೇಲೆ ಕವರ್ ಆಕಾರ ಬರ್ಕೊಂಡು ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಟ್ಟೆ. ಉದ್ದದ ಬೋಲ್ಟ್ ತಪ್ಪಿ ಗಿಡ್ಡ ತೂತಿಗೆ ಹೋಗಿ ಬಿಗಿ ಮಾಡಿದ್ರೆ ಇಂಜಿನ್ ಕೇಸೇ (ಹೊರಗಿನ ಅಲ್ಯೂಮಿನಿಯಂ ಮೈ) ಬಿರುಕು ಬಿಡಬಹುದು.

ಕ್ಲೀನಿಂಗೇ ಮುಕ್ಕಾಲು ಕೆಲಸ. ಚೈನ್ ಸ್ಪ್ರಾಕೆಟ್ ಹತ್ರ ಎಣ್ಣೆ ಮಣ್ಣು ಸೇರಿ ಹೆಂಟೆ ಕಟ್ಟಿರುತ್ತೆ, ಮೊದಲು ಸ್ಕ್ರೂ ಡ್ರೈವರಲ್ಲಿ ಎಬ್ಬಿಸಿ, ಆಮೇಲೆ ಡೀಸೆಲ್ ಹಚ್ಚಿ ಹಳೇ ಟೂತ್ ಬ್ರಶ್ಶಲ್ಲಿ ಉಜ್ಜಿ, ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸ್ದೆ. ಹಳೇ ಪೇಂಟಿಗೆ ಪೇಂಟ್ ರಿಮೂವರ್, ಗ್ಲೌಸ್ ಹಾಕ್ಕೊಂಡು, ಬಯಲಲ್ಲಿ. ಕಾಸ್ಟಿಕ್ ಸೋಡಾ ಹಾಕಿದ್ರೆ ಚೀಪಲ್ಲಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳಲೇಬೇಡಿ, ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತೆ, ಜೊತೆಗೆ ಹೈಡ್ರೋಜನ್ ಗ್ಯಾಸ್ ಬರುತ್ತೆ. ಬಿಳೀ ಕಲೆ ಇರೋ ಕಡೆ ಹಿತ್ತಾಳೆ ವೈರ್ ಬ್ರಶ್ಶು, 120 ನಂಬರ್ ಸ್ಯಾಂಡ್ ಪೇಪರು, ಆಮೇಲೆ 320. ಕನ್ನಡಿ ಥರ ನುಣುಪು ಬೇಡ, ಸ್ವಲ್ಪ ತರಿತರಿ ಇದ್ರೇನೇ ಪೇಂಟ್ ಹಿಡ್ಕೊಳ್ಳೋದು.

ಒಂದು ಮುಖ್ಯ ವಿಷ್ಯ. ಇಂಜಿನ್ ನಂಬರ್ ಎಡಗಡೆ ಕೆಳಗೆ ಕೇಸ್ ಮೇಲೇ ಹೊಡೆದಿರ್ತಾರೆ. ಅಲ್ಲಿ ಪೇಪರ್ ಆಡಿಸ್ಬೇಡಿ, ದಪ್ಪ ಪೇಂಟೂ ಬೇಡ. 15 ವರ್ಷ ಆದ್ಮೇಲೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಓ ಆಫೀಸಿಗೆ ಹೋದ್ರೆ ಆ ನಂಬರ್ ನೋಡ್ತಾರೆ, ಅದು ಉಜ್ಜಿದ ಹಾಗೆ ಕಂಡ್ರೆ ಕಳ್ಳ ಗಾಡಿ ಅನ್ನೋ ಅನುಮಾನ ಬರುತ್ತೆ. ನಾನು ಅಲ್ಲಿ ಥಿನ್ನರ್ ಬಟ್ಟೇಲಿ ಒರೆಸಿ ಒಂದೇ ಒಂದು ತೆಳು ಕೋಟ್ ಬಿಟ್ಟೆ, ಅಕ್ಷರ ನೀಟಾಗಿ ಕಾಣ್ತವೆ.

ಕಾರ್ಬೊರೇಟರ್ ಬಿಚ್ಚಿ ಇನ್‌ಟೇಕ್ ಬಾಯಿಗೂ ಎಕ್ಸಾಸ್ಟ್ ಬಾಯಿಗೂ ಬಟ್ಟೆ ತುರುಕಿ ಮೇಲೆ ಟೇಪು. ಸ್ಪಾರ್ಕ್ ಪ್ಲಗ್ ಜಾಗದಲ್ಲೇ ಇರಲಿ. ವೈರಿಗೆಲ್ಲ ಟೇಪ್ ಸುತ್ತಿ ಹಿಂದೆ ಫ್ರೇಮಿಗೆ ನ್ಯೂಸ್ ಪೇಪರ್ ಹೊದಿಸ್ದೆ. ಬೋಲ್ಟ್ ತಲೆಗೆ ಟೇಪ್ ಕಟ್ ಮಾಡ್ತಾ ಕೂರೋ ಬದಲು ವ್ಯಾಸಲಿನ್ ಸವರಿದ್ರೆ ಮುಗೀತು, ಆಮೇಲೆ ಒರೆಸಿದ್ರೆ ಪೇಂಟ್ ಜೊತೇಲೇ ಬರುತ್ತೆ, ಆದ್ರೆ ಪಕ್ಕಕ್ಕೆ ತಗಲಬಾರದು ಅಷ್ಟೆ. ಸ್ಪ್ರೇ ಕ್ಯಾನ್ ಎತ್ತೋಕ್ ಮುಂಚೆ ಇನ್ನೊಂದ್ಸಲ ಎಲ್ಲಾ ಕಡೆ ಥಿನ್ನರ್ ಒರೆಸಿ, ಆಮೇಲೆ ಬರಿಗೈಲಿ ಮುಟ್ಟೋ ಹಾಗಿಲ್ಲ.

ಪೇಂಟ್ ಹೀಟ್ ರೆಸಿಸ್ಟೆಂಟ್ ಸಿಲ್ವರ್ ಸ್ಪ್ರೇನೇ ಆಗ್ಬೇಕು. ಮಾಮೂಲಿ ಸ್ಪ್ರೇ ಹೆಡ್ ಬಿಸಿಗೆ ಹಳದಿ ತಿರುಗುತ್ತೆ, ಪೆಟ್ರೋಲ್ ಹನಿ ಬಿದ್ರೆ ಕರಗುತ್ತೆ. ಕಪ್ಪು ಯಾಕೆ ಬೇಡ ಅಂದ್ರೆ ನಾಳೆ ಲೀಕ್ ಶುರುವಾದ್ರೆ ಸಿಲ್ವರ್ ಮೇಲೆ ತಕ್ಷಣ ಕಾಣುತ್ತೆ, ಕಪ್ಪಲ್ಲಿ ಮುಚ್ಚಿಹೋಗುತ್ತೆ (ಸೆಕೆಂಡ್ ಹ್ಯಾಂಡ್ ಗಾಡೀಲಿ ಇಂಜಿನ್ ಹೊಸಾ ಕಪ್ಪು ಇದ್ರೆ ನಾನು ಬಗ್ಗಿ ಕೆಳಗಡೆ ಮುಟ್ಟಿ ನೋಡ್ತೀನಿ). ಕ್ಯಾನ್ ಒಳಗಿನ ಗೋಲಿ ಸದ್ದು ಬರೋವರೆಗೂ, ಬಂದಮೇಲೂ ಎರಡು ನಿಮಿಷ ಅಲ್ಲಾಡಿಸಿ, ಒಂದು ಗೇಣು ದೂರದಿಂದ ತೆಳ್ಳಗೆ ಬಿಡಿ. ಮೊದಲ ಕೋಟ್ ಮಬ್ಬು ಹನಿಹನಿಯಾಗಿ ಕಂಡ್ರೆ ಸರಿಯಾಗಿದೆ ಅಂತ ಅರ್ಥ. ಹದಿನೈದು ನಿಮಿಷ ಗ್ಯಾಪ್ ಕೊಟ್ಟು ಇನ್ನೊಂದು. ಫಿನ್‌ಗಳ (ಇಂಜಿನ್ ಮೇಲೆ ಸಾಲಾಗಿರೋ ತೆಳು ಪಟ್ಟಿಗಳು, ಬಿಸಿ ಹೊರಗೆ ಹೋಗೋದು ಇವುಗಳಿಂದ) ಸಂದಿಗೆ ನೇರ ಹೊಡೆದ್ರೆ ಒಳಗೆ ಹೋಗಲ್ಲ, ಮೇಲಿಂದ ಓರೆಯಾಗಿ ಒಂದ್ಸಲ, ಕೆಳಗಿಂದ ಒಂದ್ಸಲ. ದಪ್ಪ ಆದ್ರೆ ಸೋರಿ ಅಸಹ್ಯ ಕಾಣುತ್ತೆ, ಬಿಸಿ ಹೊರಗೆ ಹೋಗೋದಕ್ಕೂ ಅಡ್ಡ. ಮಳೆಗಾಲದಲ್ಲಿ ಬೇಡ, ಗಾಳೀಲಿ ತೇವ ಇದ್ರೆ ಪೇಂಟ್ ಮಂಕಾಗುತ್ತೆ. ನಾನು ಮಾಡಿದ್ದು ಫೆಬ್ರವರೀಲಿ, ಒಳ್ಳೇ ಒಣ ಬಿಸಿಲು.

ಕೈಗೆ ಒಣಗಿದೆ ಅನ್ಸಿದ್ರೂ ಈ ಪೇಂಟ್ ಬಿಸಿ ತಗೊಳ್ಳೋವರೆಗೂ ಗಟ್ಟಿಯಾಗಲ್ಲ. ಮಾರನೇ ದಿನ ಕವರ್ ಕೂರಿಸಿ ಆಯಿಲ್ ತುಂಬಿ ಐದು ನಿಮಿಷ ಸ್ಟಾರ್ಟಲ್ಲಿ ಬಿಟ್ಟು ಪೂರ್ತಿ ಆರಿಸ್ದೆ, ಮತ್ತೆ ಹತ್ತು ನಿಮಿಷ, ಮತ್ತೆ ಆರಿಸಿ ಒಂದು ರೌಂಡ್. ಏರ್ ಕೂಲ್ಡ್ ಇಂಜಿನ್ನು, ನಿಂತಲ್ಲೇ ಅರ್ಧ ಗಂಟೆ ಓಡಿಸ್ಬೇಡಿ. ಶುರೂಲಿ ಸ್ವಲ್ಪ ಹೊಗೆ, ವಾಸನೆ ಬರುತ್ತೆ, ಗಾಬರಿ ಬೇಡ. ಇದೆಲ್ಲ ಮುಗಿಯೋವರೆಗೂ ಪೆಟ್ರೋಲ್ ತಾಗಿಸ್ಬೇಡಿ.

ಎರಡು ಕ್ಯಾನು, ರಿಮೂವರ್, ಥಿನ್ನರ್, ಪೇಪರ್, ಟೇಪು, ಸೀಲು, ಗ್ಯಾಸ್ಕೆಟ್ ಎಲ್ಲಾ ಸೇರಿ 1,200 ರೂಪಾಯಿ ಆಸುಪಾಸು, ಆಯಿಲ್ ಬೇರೆ. ಕ್ಯಾನಲ್ಲಿ ಮಿಕ್ಕಿದ್ರೆ ತಲೆಕೆಳಗೆ ಹಿಡಿದು ಬರೀ ಗ್ಯಾಸ್ ಬರೋವರೆಗೂ ಒತ್ತಿ ಇಡಿ, ಇಲ್ಲಾಂದ್ರೆ ಮುಂದಿನ ಸಲ ಟಚಪ್ ಮಾಡೋಣ ಅಂದ್ರೆ ನಾಜಲ್ ಕಟ್ಕೊಂಡಿರುತ್ತೆ.