ಜೈಲಿನ ಬದಲು ಚಿಕಿತ್ಸೆ: 64ಎ ಅರ್ಜಿ ಹಾಕಿದ ಅನುಭವ

"ಸಾರ್, ಸ್ವಲ್ಪ ದಿನ ಒಳಗೇ ಇರ್ಲಿ ಬಿಡಿ, ಬುದ್ಧಿ ಬರುತ್ತೆ" ಎಂದು ಹುಡುಗನ ತಾಯಿ ಕಣ್ಣೊರೆಸಿಕೊಂಡರು. ಹೆರಾಯಿನ್ ಕೇಸು, ನಾನು ಹುಡುಗನ ವಕೀಲ. ನಾನು ಹೆದರಿದ್ದು ಜೈಲಿಗಲ್ಲ, ಬಿಡುಗಡೆಯ ದಿನಕ್ಕೆ. ಕೆಲವು ವಾರ ಬಿಟ್ಟಿದ್ದರೆ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಹೊರಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅದನ್ನು ಬಿಡಿಸಿ ಹೇಳಿದ ಮೇಲೆ ಆ ತಾಯಿ ಮತ್ತೆ ಜೈಲಿನ ಮಾತೆತ್ತಲಿಲ್ಲ.

ಇಂಥ ಕೇಸಿನಲ್ಲಿ ನಾನು ಮೊದಲು ನೋಡುವುದು ಮಹಜರಿನಲ್ಲಿರುವ ತೂಕ. ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಹೆರಾಯಿನ್ 5 ಗ್ರಾಂ, ಗಾಂಜಾ 1 ಕಿಲೋ ತನಕ 'ಸಣ್ಣ ಪ್ರಮಾಣ'. ಇವನ ಹತ್ತಿರ ಸಿಕ್ಕಿದ್ದು ಅದರೊಳಗೇ ಇತ್ತು. ಹಾಗಾಗಿ ಜೈಲಿನ ಬದಲು ಚಿಕಿತ್ಸೆಗೆ ಅದೇ ಕಾಯ್ದೆಯಲ್ಲಿ ಎರಡು ದಾರಿ ಕಂಡವು. 39ನೇ ಸೆಕ್ಷನ್ ಬಳಕೆಗೆ ಬರುವುದು ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ: ಮುಚ್ಚಳಿಕೆ ಬರೆದುಕೊಟ್ಟು ಚಿಕಿತ್ಸೆಗೆ ಹೋಗಿ, ಕೋರ್ಟು ಹೇಳಿದ ಅವಧಿಯೊಳಗೆ, ಹೆಚ್ಚೆಂದರೆ ಒಂದು ವರ್ಷದಲ್ಲಿ, ವರದಿ ಒಪ್ಪಿಸಬೇಕು. 64ಎ ಸೆಕ್ಷನ್ ಹಾಗಲ್ಲ. ವ್ಯಸನಿ ತಾನಾಗಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದಲೇ ರಕ್ಷಣೆ ಸಿಗುತ್ತದೆ. ಇಪ್ಪತ್ತು ದಾಟದ ಹುಡುಗನ ಹೆಸರಿಗೆ ಶಿಕ್ಷೆಯ ಕಲೆ ಅಂಟಬಾರದೆಂದು 64ಎ ಆರಿಸಿಕೊಂಡೆ.

ಹಿಂದೊಮ್ಮೆ ಇಂಥದೇ ಅರ್ಜಿಯಲ್ಲಿ ಎಡವಿದ್ದೆ. ಮನೆಯವರು ಸೇರಿಸಿದ್ದ ಖಾಸಗಿ ಕೇಂದ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ ಎಂದು ವಿಚಾರಿಸಿರಲಿಲ್ಲ. ಇರಲಿಲ್ಲ. ಆ ಕಕ್ಷಿದಾರ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು, ತಪ್ಪು ನನ್ನದು. ಈ ಸಲ ನೇರ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಮಾದಕವಸ್ತುವಿನ ಮೇಲೆ ಅವಲಂಬನೆ ಇದೆ ಎಂದು ಅವರು ಬರೆದುಕೊಟ್ಟರು. ಆ ಒಂದು ಮಾತು ಬೇಕೇ ಬೇಕು, ಯಾವಾಗಲೋ ಒಮ್ಮೆ ಸೇದಿದವನನ್ನು ಕಾಯ್ದೆ ವ್ಯಸನಿ ಎನ್ನುವುದಿಲ್ಲ. ಅರ್ಜಿಗೆ ಸಹಿ ಹಾಕುವ ಮುಂಚೆ ತಾಯಿಯನ್ನು ಹೊರಗೆ ಕೂರಿಸಿ, "ನಿನಗೆ ಬೇಕಾ?" ಎಂದು ಅವನೊಬ್ಬನನ್ನೇ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ನಿದ್ದೆ ಬೇಕು ಸಾರ್" ಎಂದ.

ಎರಡನೇ ತಿಂಗಳಲ್ಲಿ ಮತ್ತೆ ತೆಗೆದುಕೊಂಡ. ಮುಚ್ಚಿಡೋಣ ಎಂದರು ಮನೆಯವರು. ನಾನು ಒಪ್ಪಲಿಲ್ಲ. ವೈದ್ಯರ ಟಿಪ್ಪಣಿಯ ಸಮೇತ ನ್ಯಾಯಾಧೀಶರ ಮುಂದಿಟ್ಟೆ. ಚಿಕಿತ್ಸೆ ಪೂರ್ತಿಯಾಗದಿದ್ದರೆ ರಕ್ಷಣೆಯನ್ನು 'ಹಿಂಪಡೆಯಬಹುದು' ಎಂದಿದೆ ಕಾಯ್ದೆ, 'ಹಿಂಪಡೆಯಲೇಬೇಕು' ಎಂದಿಲ್ಲ. ಅವನು ಚಿಕಿತ್ಸೆ ಬಿಟ್ಟು ಓಡಿಹೋಗಿಲ್ಲ, ಮರುದಿನವೇ ಆಸ್ಪತ್ರೆಗೆ ಮರಳಿದ್ದಾನೆ ಎಂದು ವಾದಿಸಿದೆ. ನ್ಯಾಯಾಧೀಶರು ಟಿಪ್ಪಣಿಯನ್ನು ಎರಡು ಸಲ ಓದಿ ಮುಂದಿನ ತಾರೀಖು ಕೊಟ್ಟರು.

ಚಿಕಿತ್ಸೆ ಮುಗಿದ ಪ್ರಮಾಣಪತ್ರ ಸಲ್ಲಿಸಿದ ದಿನ ಅವನು ತಾಯಿಯನ್ನು ಬಿಟ್ಟು ಒಬ್ಬನೇ ಬಂದಿದ್ದ.