ಎಲೆ ಟೀಯ ರುಚಿ ಹಿಡಿಯುವುದು ಹೇಗೆ: ಎರಡು ಕಪ್ ಇಟ್ಟುಕೊಂಡು ಶುರು ಮಾಡಿ

ಒಂದೇ ಟೀಯನ್ನು ದಿನಾ ಕುಡಿಯುತ್ತಿದ್ದರೆ ಅದರ ರುಚಿ ಎಂಥದ್ದು ಅಂತ ಹೇಳುವುದು ಕಷ್ಟ. ಬಾಯಿಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಕೇಳಿದರೆ "ಟೀ ಥರ ಇದೆ" ಅನ್ನುತ್ತೇವೆ, ಅಷ್ಟೇ. ಅದರ ಪಕ್ಕದಲ್ಲಿ ಬೇರೆ ಕಡೆಯ ಇನ್ನೊಂದು ಟೀ ಇಟ್ಟುಕೊಂಡು ಇದೊಂದು ಗುಟುಕು, ಅದೊಂದು ಗುಟುಕು ಕುಡಿದು ನೋಡಿ. ಇದರಲ್ಲಿ ಹೂವಿನ ಘಮ ಇದೆ, ಅದರಲ್ಲಿ ಇಲ್ಲ. ಅದು ನಾಲಗೆ ಮೇಲೆ ದಪ್ಪಗೆ ಕೂರುತ್ತದೆ, ಇದು ಹಗುರ. ಒಂದೊಂದೇ ತಾನಾಗಿ ಗೊತ್ತಾಗುತ್ತಾ ಹೋಗುತ್ತದೆ. ಟೀ ಟೇಸ್ಟರ್‌ಗಳಿಗೆ ಹುಟ್ಟಿನಿಂದಲೇ ಏನೋ ವಿಶೇಷ ನಾಲಗೆ ಇರುತ್ತದೆ ಅಂತ ಅನೇಕರು ನಂಬಿದ್ದಾರೆ. ಆದರೆ ಅವರು ಕೆಲಸ ಮಾಡುವ ರೀತಿ ಗಮನಿಸಿ: ಉದ್ದ ಮೇಜಿನ ಮೇಲೆ ಸಾಲಾಗಿ ಕಪ್ ಇಟ್ಟು, ಒಂದಾದ ಮೇಲೊಂದು ಹೀರಿ ಉಗುಳುತ್ತಾ ಹೋಗುತ್ತಾರೆ. ವಿದ್ಯೆ ಇರುವುದು ಆ ಹೋಲಿಕೆಯಲ್ಲಿ. ಮನೆಯಲ್ಲಿ ನಮಗೆ ಎರಡು ಕಪ್ ಸಾಕು.

ನಾನು ಹೇಳುತ್ತಿರುವುದು ಹಾಲು, ಸಕ್ಕರೆ ಹಾಕದ ಬಿಡಿ ಎಲೆಯ ಬ್ಲ್ಯಾಕ್ ಟೀ ಬಗ್ಗೆ, ಅದರಲ್ಲೂ ಆರ್ಥೊಡಾಕ್ಸ್ ಅಂತ ಕರೆಯುವ ಎಲೆ ಬಗ್ಗೆ. ಸಣ್ಣ ಗುಂಡು ಹರಳಿನ ಹಾಗಿರುವ ಸಿಟಿಸಿ ಟೀ ಬೇರೆ. ಅದು 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರದ ವಿಧಾನ. ಹಲ್ಲಿರುವ ರೋಲರ್‌ಗಳ ನಡುವೆ ಎಲೆ ಜಜ್ಜಿ, ಹರಿದು, ಸುರುಳಿಯಾಗುತ್ತದೆ. ಬಣ್ಣ ಬೇಗ ಬಿಡುತ್ತದೆ, ಹಾಲಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ನವಿರಾದ ಘಮಗಳು ಅದರಲ್ಲಿ ಜಾಸ್ತಿ ಉಳಿಯುವುದಿಲ್ಲ. ಆರ್ಥೊಡಾಕ್ಸ್‌ನಲ್ಲಿ ಎಲೆಯನ್ನು ಗಂಟೆಗಟ್ಟಲೆ ಬಾಡಿಸಿ, ಮೆತ್ತಗಾದ ಮೇಲೆ ಹೊಸಕಿ, ಗಾಳಿಗೆ ಹರಡಿ, ಬಣ್ಣ ತಿರುಗಿದಾಗ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಹೊಸಕಿದಾಗ ಎಲೆಯ ಕೋಶಗಳು ಒಡೆಯುತ್ತವೆ. ಆಗ ಒಳಗಿನ ಕ್ಯಾಟೆಕಿನ್ ಅನ್ನುವ ಕಹಿ-ಒಗರಿನ ವಸ್ತುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಅನ್ನುವ ವಸ್ತುಗಳಾಗುತ್ತವೆ. ಹೊಂಬಣ್ಣ ಮತ್ತು ಚುರುಕು ಮುಖ್ಯವಾಗಿ ಮೊದಲನೆಯದರಿಂದ, ಕೆಂಪು ಬಣ್ಣ ಮತ್ತು ದಪ್ಪ ಎರಡನೆಯದರಿಂದ ಬರುತ್ತವೆ.

ಕಪ್, ನೀರು, ತೂಕ

ಒಳಗೆ ಬೆಳ್ಳಗಿರುವ, ಒಂದೇ ಅಳತೆಯ ಎರಡು ಕಪ್ ತಗೊಳ್ಳಿ. ಬಣ್ಣದ ಕಪ್‌ನಲ್ಲಿ ಟೀಯ ಬಣ್ಣ ಗೊತ್ತಾಗುವುದಿಲ್ಲ. ಮುಚ್ಚಳ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ತಟ್ಟೆ ಮುಚ್ಚಿ.

ಎಲೆಯನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ಉದ್ದುದ್ದ ಎಲೆಯಾದರೆ ಒಂದು ಚಮಚದಲ್ಲಿ ಬರೀ ಗಾಳಿಯೇ ತುಂಬಿರುತ್ತದೆ, ತುಂಡು ಎಲೆಯಾದರೆ ಅದೇ ಚಮಚ ಎರಡು ಪಟ್ಟು ತೂಗಬಹುದು, ಆಮೇಲೆ ಈ ಟೀ ಸ್ಟ್ರಾಂಗು ಆ ಟೀ ಸಪ್ಪೆ ಅಂತ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ. ರುಚಿ ನೋಡುವವರಿಗಾಗಿ ಐಎಸ್‌ಒ 3103 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಮೊದಲು 1980ರಲ್ಲಿ ಬಂದದ್ದು. ಅದರ ಪ್ರಕಾರ 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಹೀಗೆ ಮಾಡಿದ ಟೀ ಕುಡಿಯಲು ಅಷ್ಟೇನೂ ಹಿತವಲ್ಲ. ಅದರ ಉದ್ದೇಶ ಹೋಲಿಕೆ, ಎಲೆಯಲ್ಲಿರುವ ಒಳ್ಳೆಯದು ಕೆಟ್ಟದ್ದು ಎಲ್ಲವೂ ಹೊರಗೆ ಬರಲಿ ಅಂತ. ಮನೆಯಲ್ಲಿ ರುಚಿ ನೋಡಿ ಖುಷಿಯಾಗಿ ಕುಡಿಯುವುದಕ್ಕೆ 150 ಮಿಲಿ ನೀರಿಗೆ ಎರಡೂವರೆ ಗ್ರಾಂ, 4 ನಿಮಿಷ ಸರಿಹೋಗುತ್ತದೆ. ಮುಖ್ಯ ವಿಷಯ, ಎರಡೂ ಕಪ್‌ಗೆ ಒಂದೇ ತೂಕ, ಒಂದೇ ನೀರು, ಒಂದೇ ಸಮಯ.

ನೀರಿನ ಬಗ್ಗೆ ಸ್ವಲ್ಪ ಹಟ ಮಾಡಿ. ಗಡಸು ನೀರಿನಲ್ಲಿ ಟೀ ಮಂಕಾಗುತ್ತದೆ, ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ, ಚಮಚ ಆಡಿಸಿದರೆ ಅದು ಬಿರುಕು ಬಿಟ್ಟು ಕಪ್ ಅಂಚಿಗೆ ಅಂಟಿಕೊಳ್ಳುತ್ತದೆ. ಅದು ಎಲೆಯ ದೋಷವಲ್ಲ, ನೀರಿನಲ್ಲಿರುವ ಸುಣ್ಣದ ಅಂಶದ ಕೆಲಸ. ಮೆದು ನೀರು ಬೇಕು, ಆದರೆ ಖನಿಜ ಪೂರ್ತಿ ತೆಗೆದ ನೀರೂ ಬೇಡ. ಬ್ಲ್ಯಾಕ್ ಟೀಗೆ ನೀರು ಚೆನ್ನಾಗಿ ಕುದಿದಿರಬೇಕು. ಇದಕ್ಕೆ ದೊಡ್ಡ ಅಪವಾದ ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಅಂದರೆ ವಸಂತದಲ್ಲಿ ಕಿತ್ತ ವರ್ಷದ ಮೊದಲ ಚಿಗುರಿನ ಟೀ, ಅದಕ್ಕೆ 90 ಡಿಗ್ರಿ ಸಾಕು.

ಕುಡಿಯುವ ಮುಂಚೆ ಮೂಗು

ಒಣ ಎಲೆಯನ್ನು ಬಿಳಿ ಹಾಳೆ ಮೇಲೆ ಹರಡಿ ನೋಡಿ. ಎಲೆಗಳು ಹೆಚ್ಚುಕಡಿಮೆ ಒಂದೇ ಗಾತ್ರ ಇರಬೇಕು, ಯಾಕೆಂದರೆ ಪುಡಿ ಬೇಗ ರಸ ಬಿಡುತ್ತದೆ, ದೊಡ್ಡ ಎಲೆ ನಿಧಾನ, ಎರಡೂ ಬೆರೆತರೆ ಒಂದು ಅತಿಯಾಗಿ ಇಳಿಯುವ ಹೊತ್ತಿಗೆ ಇನ್ನೊಂದು ಅರ್ಧಕ್ಕೇ ನಿಂತಿರುತ್ತದೆ. ನಡುನಡುವೆ ಚಿನ್ನದ ಬಣ್ಣದ ಎಳೆ ಕಾಣಿಸಿದರೆ ಅದು ಚಿಗುರಿನ ಮೊಗ್ಗು. ಹೊಸಕುವಾಗ ಎಲೆಯ ರಸ ಅದರ ಬಿಳಿ ರೋಮಗಳಿಗೆ ಹತ್ತಿ ಆ ಬಣ್ಣ ಬಂದಿರುತ್ತದೆ. ನೋಡಲು ಚೆಂದ, ಆದರೆ ಚಿನ್ನ ಜಾಸ್ತಿ ಇದ್ದ ಮಾತ್ರಕ್ಕೆ ರುಚಿ ಜಾಸ್ತಿ ಅಂತೇನಿಲ್ಲ. ಪೊಟ್ಟಣದ ಮೇಲಿನ ಎಫ್‌ಒಪಿ, ಟಿಜಿಎಫ್‌ಒಪಿ ತರಹದ ಅಕ್ಷರಗಳೂ ಅಷ್ಟೇ, ಎಲೆಯ ಗಾತ್ರ ಮತ್ತು ಚಿಗುರಿನ ಪ್ರಮಾಣ ಹೇಳುತ್ತವೆ, ಅದರಾಚೆ ಅವುಗಳಿಗೆ ನಾನು ತೂಕ ಕೊಡುವುದಿಲ್ಲ.

ಒಂದು ಹಿಡಿ ಒಣ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಅದರೊಳಗೆ ಬಿಸಿ ಉಸಿರು ಬಿಡಿ, ತಕ್ಷಣ ಮೂಸಿ. ಉಸಿರಿನ ಬಿಸಿ, ತೇವ ತಾಗಿ ಘಮ ಎದ್ದು ಬರುತ್ತದೆ. ಮುಗ್ಗಲು ವಾಸನೆ, ಸೀದ ವಾಸನೆ, ಪಕ್ಕದಲ್ಲಿಟ್ಟಿದ್ದ ಸೋಪಿನ ವಾಸನೆ ಇದ್ದರೂ ಇಲ್ಲೇ ಸಿಕ್ಕಿಬೀಳುತ್ತದೆ.

ನೀರು ಹಾಕಿ 4 ನಿಮಿಷ ಆದ ಮೇಲೆ ಸೋಸಿ, ನೆಂದ ಎಲೆಯನ್ನು ಮುಚ್ಚಳದ ಕೆಳಗೇ ಬಿಡಿ. ಮುಚ್ಚಳ ಎತ್ತಿದ ಕ್ಷಣ ಮೂಗು ಹತ್ತಿರ ತನ್ನಿ. ಟೀಯ ಪರಿಮಳ ಅತಿ ದಟ್ಟವಾಗಿ ಇರುವುದು ಕಪ್‌ನಲ್ಲಲ್ಲ, ಇಲ್ಲಿ. ಒಂದು ನಿಮಿಷ ಬಿಟ್ಟು ಮತ್ತೆ ಮೂಸಿ, ಬೇರೆಯದೇ ಘಮ ಇರುತ್ತದೆ. ಹಗುರವಾದ ಹೂವಿನ ವಾಸನೆ ಮೊದಲು ಹಾರಿಹೋಗಿ ಕೆಳಗಿನ ಜೇನು, ಒಣ ಹಣ್ಣು, ಹುರಿದ ಧಾನ್ಯದ ವಾಸನೆ ಮೇಲೆ ಬರುತ್ತದೆ. ಎಲೆಯ ಬಣ್ಣವನ್ನೂ ನೋಡಿ. ಹೊಳೆಯುವ ತಾಮ್ರದ ಬಣ್ಣ ಇದ್ದರೆ ಕೆಲಸ ಚೆನ್ನಾಗಿ ಆಗಿದೆ. ಡಾರ್ಜಿಲಿಂಗ್ ಫಸ್ಟ್ ಫ್ಲಶ್‌ನಲ್ಲಿ ಹಸಿರು ಕಂಡರೆ ಗಾಬರಿ ಬೇಡ, ಎಲೆಯನ್ನು ತುಂಬಾ ಬಾಡಿಸುವುದರಿಂದ ಅದು ಪೂರ್ತಿ ಕಪ್ಪಾಗುವುದಿಲ್ಲ. ಅದೇ ಹಸಿರು ಅಸ್ಸಾಂ ಟೀಯಲ್ಲಿ ಕಂಡರೆ ಅನುಮಾನ ಪಡಿ.

ಗುಟುಕು

ಕುದಿಯುವ ಬಿಸಿಯಲ್ಲಿ ನಾಲಗೆಗೆ ಏನೂ ತಿಳಿಯುವುದಿಲ್ಲ, ಸುಮ್ನೆ ಸುಟ್ಟುಕೊಳ್ಳುತ್ತೇವೆ. ಸ್ವಲ್ಪ ಆರಲು ಬಿಡಿ. ಆಮೇಲೆ ಚಮಚದಲ್ಲಿ ತೆಗೆದು ಸೊರ್ ಅಂತ ಜೋರಾಗಿ ಹೀರಿ. ಸಂಕೋಚ ಬೇಡ. ಗಾಳಿ ಜೊತೆ ಹೀರಿದಾಗ ಟೀ ತುಂತುರಾಗಿ ಬಾಯಿ ತುಂಬಾ ಹರಡುತ್ತದೆ, ಅದರ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಲಗೆಗೆ ಸಿಗುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿ. ಗುಲಾಬಿ, ದ್ರಾಕ್ಷಿ, ಜೇನು ಅಂತ ಏನೇನು ಹೇಳುತ್ತೇವೋ ಅದೆಲ್ಲ ಮೂಗಿನ ಕೆಲಸ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಬರೀ ಬಿಸಿ, ಕಹಿ, ಒಗರು. ಈಗ ಮೂಗು ಬಿಡಿ, ಇಡೀ ಟೀ ಒಮ್ಮೆಲೇ ಬಂದು ತುಂಬಿಕೊಳ್ಳುತ್ತದೆ.

ಇನ್ನು ಒಗರು. ಟೀ ಕುಡಿಯುವವರು ಕಹಿಗೂ ಒಗರಿಗೂ ವ್ಯತ್ಯಾಸ ಮಾಡಿಕೊಂಡರೆ ಅರ್ಧ ದಾರಿ ಬಂದಂತೆಯೇ. ಕಹಿ ಒಂದು ರುಚಿ, ಕೆಫೀನ್‌ನಿಂದಲೂ ಕ್ಯಾಟೆಕಿನ್‌ಗಳಿಂದಲೂ ಬರುತ್ತದೆ. ಒಗರು ಮುಟ್ಟಿದ ಹಾಗೆ ಆಗುವ ಅನುಭವ. ಟೀಯಲ್ಲಿರುವ ಪಾಲಿಫಿನಾಲ್‌ಗಳು (ಕ್ಯಾಟೆಕಿನ್, ಥಿಯಾಫ್ಲೇವಿನ್ ಎಲ್ಲ ಈ ಗುಂಪಿನವೇ) ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ, ಬಾಯಿಯ ಜಾರುವ ಗುಣ ಹೋಗುತ್ತದೆ, ನಾಲಗೆಯನ್ನು ಅಂಗುಳಕ್ಕೆ ಉಜ್ಜಿದರೆ ಒರಟು ಅನಿಸುತ್ತದೆ. ಒಗರು ಕೆಟ್ಟದ್ದಲ್ಲ. ಒಳ್ಳೆಯ ಟೀಯಲ್ಲಿ ಅದು ಚುರುಕಾಗಿ ಬಂದು, ಬಾಯಿ ತೊಳೆದ ಹಾಗೆ ಮಾಡಿ, ತಕ್ಷಣ ಹೊರಟುಹೋಗಿ ಹಿಂದೆಯೇ ಬಾಯಲ್ಲಿ ನೀರೂರಿಸುತ್ತದೆ. ಟೇಸ್ಟರ್‌ಗಳು ಬ್ರಿಸ್ಕ್ ಅಂತ ಹೊಗಳುವುದು ಇದನ್ನೇ. ಕೆಟ್ಟ ಒಗರು ವಸಡಿಗೆ, ಕೆನ್ನೆಯ ಒಳಗೆ ಹಿಡಿದುಕೊಂಡು ಕೂರುತ್ತದೆ, ಹೋಗುವುದೇ ಇಲ್ಲ. ಹಾಗಾಗಿ ನುಂಗಿದ ಮೇಲೆ ಒಂದಿಷ್ಟು ಹೊತ್ತು ಸುಮ್ಮನಿರಿ. ಏನು ಉಳಿಯಿತು, ಎಷ್ಟು ಹೊತ್ತು ಉಳಿಯಿತು ಅಂತ ಗಮನಿಸಿ. ನಾನು ಒಂದು ಟೀಯನ್ನು ಇನ್ನೊಂದಕ್ಕಿಂತ ಮೇಲೆ ಇಡುವುದು ಬಹುಪಾಲು ಈ ನುಂಗಿದ ನಂತರದ ರುಚಿ ನೋಡಿಯೇ.

ಕಪ್ ಖಾಲಿ ಮಾಡಬೇಡಿ, ಸ್ವಲ್ಪ ಉಳಿಸಿ. ಉಗುರು ಬೆಚ್ಚಗಾದಾಗ ಮತ್ತೆ, ಪೂರ್ತಿ ತಣಿದಾಗ ಇನ್ನೊಮ್ಮೆ ನೋಡಿ. ಬಿಸಿಯಲ್ಲಿ ಮುಚ್ಚಿಹೋಗಿದ್ದ ಸಿಹಿ ಈಗ ಕಾಣುತ್ತದೆ, ದೋಷ ಇದ್ದರೆ ಅದೂ ಬಯಲಾಗುತ್ತದೆ. ಗಟ್ಟಿ ಅಸ್ಸಾಂ ಟೀಯನ್ನು ಹೀಗೆ ಬಿಟ್ಟರೆ ಕಣ್ಣೆದುರೇ ಒಂದು ಬದಲಾವಣೆ ನಡೆಯುತ್ತದೆ. ತಿಳಿಯಾದ ಕೆಂಪು ನಿಧಾನಕ್ಕೆ ಮಸುಕಾಗಿ, ಕೊನೆಗೆ ಯಾರೋ ಎರಡು ಹನಿ ಹಾಲು ಬೆರೆಸಿದ ಹಾಗೆ ಬಗ್ಗಡವಾಗುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡಿ. ಮೇಲೆ ಹೇಳಿದ ಥಿಯಾಫ್ಲೇವಿನ್‌ಗಳು ತಣ್ಣಗಾದಾಗ ಕೆಫೀನ್ ಜೊತೆ ಕೂಡಿ ಕರಗದೆ ತೇಲುತ್ತವೆ, ಮತ್ತೆ ಬಿಸಿ ಮಾಡಿದರೆ ತಿಳಿಯಾಗುತ್ತದೆ. ಟೇಸ್ಟರ್‌ಗಳು ಇದನ್ನು ಕ್ರೀಮಿಂಗ್ ಡೌನ್ ಅನ್ನುತ್ತಾರೆ, ಟೀಯಲ್ಲಿ ಸತ್ವ ಇದೆ ಅನ್ನುವುದಕ್ಕೆ ಗುರುತು ಅಂತ ತಗೊಳ್ಳುತ್ತಾರೆ. ಪಕ್ಕದಲ್ಲೇ ಡಾರ್ಜಿಲಿಂಗ್ ಫಸ್ಟ್ ಫ್ಲಶ್ ಕಪ್ ಇಟ್ಟಿದ್ದರೆ ಅದು ಬಹುತೇಕ ತಿಳಿಯಾಗಿಯೇ ಇರುತ್ತದೆ.

ಯಾವುದರ ಜೊತೆ ಯಾವುದು

ಮೊದಲ ಜೋಡಿ ಅಸ್ಸಾಂ ಮತ್ತು ಡಾರ್ಜಿಲಿಂಗ್, ಎರಡೂ ಸೆಕೆಂಡ್ ಫ್ಲಶ್, ಅಂದರೆ ಮೇ-ಜೂನ್ ಹೊತ್ತಿಗೆ ಕಿತ್ತದ್ದು. ಇಷ್ಟು ಎದ್ದು ಕಾಣುವ ವ್ಯತ್ಯಾಸ ಬೇರೆ ಜೋಡಿಯಲ್ಲಿ ಸಿಗುವುದು ಕಷ್ಟ. ಅಸ್ಸಾಮಿನದು ದೊಡ್ಡ ಎಲೆಯ ತಳಿ, ಕಪ್ ಕಡುಕೆಂಪು, ಹುರಿದ ಧಾನ್ಯ ಮತ್ತು ಜೇನು ಸೇರಿದ ಮಾಲ್ಟ್ ರುಚಿ, ಬಾಯಿ ತುಂಬುವ ದಪ್ಪ. ಡಾರ್ಜಿಲಿಂಗ್ ತೋಟಗಳಲ್ಲಿ ಹೆಚ್ಚಾಗಿ ಚೀನಾದ ಸಣ್ಣ ಎಲೆಯ ತಳಿ ಇದೆ, ಮೈ ಹಗುರ, ಘಮ ಮುಂದೆ. ಅದರ ಹೆಸರಾಂತ ಮಸ್ಕಟೆಲ್ ರುಚಿ, ಅಂದರೆ ಮಸ್ಕಟ್ ದ್ರಾಕ್ಷಿಯ ಪರಿಮಳ, ಬರುವುದರಲ್ಲಿ ಕೀಟಗಳ ಪಾಲೂ ಇದೆ. ಹಸಿರು ಜಿಗಿಹುಳುಗಳು ಎಳೆ ಎಲೆಯ ರಸ ಹೀರುತ್ತವೆ, ಗಿಡ ತನ್ನ ರಕ್ಷಣೆಗೆ ಕೆಲವು ಘಮದ ವಸ್ತುಗಳನ್ನು ತಯಾರಿಸುತ್ತದೆ, ಅದೇ ನಮ್ಮ ಕಪ್‌ಗೆ ಬರುತ್ತದೆ. ಎಷ್ಟು ಚೆಂದ ಅಲ್ವಾ! ಡಾರ್ಜಿಲಿಂಗ್ ಹೆಸರಿನಲ್ಲಿ ಏನೇನೋ ಮಾರುತ್ತಾರೆ, ಹಾಗಾಗಿ ತೋಟದ ಹೆಸರು, ಯಾವ ಫ್ಲಶ್, ಯಾವ ವರ್ಷ ಅಂತ ಬರೆದಿರುವುದನ್ನೇ ತಗೊಳ್ಳಿ. 2004ರಲ್ಲಿ ಭಾರತದ ಮೊದಲ ಜಿಐ ಮಾನ್ಯತೆ, ಅಂದರೆ ಆ ಊರಿನ ಉತ್ಪನ್ನಕ್ಕೆ ಮಾತ್ರ ಆ ಹೆಸರು ಅನ್ನುವ ಭೌಗೋಳಿಕ ಗುರುತು, ಸಿಕ್ಕಿದ್ದು ಈ ಟೀಗೇ.

ಆಮೇಲೆ ಡಾರ್ಜಿಲಿಂಗ್ ಫಸ್ಟ್ ಫ್ಲಶ್ ಮತ್ತು ಸೆಕೆಂಡ್ ಫ್ಲಶ್, ಸಾಧ್ಯವಾದರೆ ಒಂದೇ ತೋಟದ್ದು. ಅದೇ ಗಿಡ, ಎರಡು ತಿಂಗಳ ಅಂತರ. ಒಂದು ಹಸಿ ಹೂವಿನ ಕಡೆ, ಇನ್ನೊಂದು ಮಾಗಿದ ಹಣ್ಣಿನ ಕಡೆ.

ಚೀನಾದ ಕೀಮುನ್ ಮತ್ತು ಯುನ್ನಾನ್ ಟೀಯನ್ನೂ ಜೋಡಿ ಮಾಡಿ. ಅನ್‌ಹುಯಿ ಪ್ರಾಂತ್ಯದ ಕೀಮುನ್ ಮೆದುವಾದ ಟೀ, ಗುಲಾಬಿಯಲ್ಲಿರುವ ಜೆರಾನಿಯಾಲ್ ಇದರಲ್ಲೂ ಇದೆ, ಜೊತೆಗೆ ಕೋಕೋ ನೆನಪಿಸುವ ತಳಮಟ್ಟದ ರುಚಿ. ಯುನ್ನಾನಿನ ದಿಯೆನ್‌ಹಾಂಗ್‌ನಲ್ಲಿ ಚಿನ್ನದ ಮೊಗ್ಗು ಹೇರಳ, ಜೇನು, ಸ್ವಲ್ಪ ಕಾಳುಮೆಣಸು. ಇದನ್ನು ಇನ್ನೊಂದು ರೀತಿಯಲ್ಲೂ ಮಾಡಿ ನೋಡಿ: 100 ಮಿಲಿಗೆ 5 ಗ್ರಾಂ ಎಲೆ ಹಾಕಿ, ಹದಿನೈದು ಇಪ್ಪತ್ತು ಸೆಕೆಂಡಿಗೇ ಬಸಿದು, ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕುತ್ತಾ ಹೋಗುವುದು. ಪ್ರತಿ ಸಲವೂ ರುಚಿ ಒಂದಿಷ್ಟು ಸರಿಯುತ್ತದೆ.

ಶ್ರೀಲಂಕಾದ ಊವಾ ಟೀ ಸಿಕ್ಕರೆ ಬಿಡಬೇಡಿ, ಜುಲೈಯಿಂದ ಸೆಪ್ಟೆಂಬರ್ ನಡುವಿನದು. ಆ ಹೊತ್ತಿನ ಒಣಗಾಳಿಗೆ ಎಲೆಯಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಜಾಸ್ತಿಯಾಗುತ್ತದೆ, ನೋವಿನ ಮುಲಾಮಿನಲ್ಲಿ ಇರುವುದೂ ಅದೇ. ಕಪ್‌ನಲ್ಲಿ ಅದು ತಂಪಾದ, ಮೂಗು ತೆರೆಯುವ ಘಮ. ಲ್ಯಾಪ್ಸಾಂಗ್ ಸೂಚಾಂಗ್ ಮಾತ್ರ ಕೊನೆಗಿರಲಿ. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು ಅದು, ಕುಡಿದ ಮೇಲೆ ಬೇರೆ ಯಾವ ಟೀಯ ಘಮವೂ ಬಾಯಿಗೆ ಹತ್ತುವುದಿಲ್ಲ.

ರುಚಿ ನೋಡುವ ಮುಂಚೆ ಪೊಟ್ಟಣದ ಮೇಲಿನ ವರ್ಣನೆ ಓದಬೇಡಿ. ಜೇನು ಅಂತ ಓದಿದರೆ ಜೇನೇ ಸಿಗುತ್ತದೆ. ಕಪ್‌ಗಳ ತಳದಲ್ಲಿ ಗುರುತು ಹಾಕಿ, ಯಾರಿಂದಲಾದರೂ ಜಾಗ ಬದಲಿಸಿ, ಯಾವುದು ಯಾವುದೆಂದು ಗೊತ್ತಿಲ್ಲದೆ ಕುಡಿದು, ತೋಚಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. "ಒದ್ದೆ ಕಟ್ಟಿಗೆ", "ಹಳೇ ಪುಸ್ತಕ" ಅಂತ ಬರೆದರೂ ಸರಿ, ಮುಂದಿನ ಸಲ ಅದೇ ವಾಸನೆ ಸಿಕ್ಕಾಗ ಗುರುತು ಸಿಗುತ್ತದೆ.

ಹಾಲು ಹಾಕಲೇಬಾರದು ಅಂತ ಹೇಳುತ್ತಿಲ್ಲ. ಹಾಲಿನ ಕೇಸೀನ್ ಪ್ರೋಟೀನ್ ಪಾಲಿಫಿನಾಲ್‌ಗಳನ್ನು ಹಿಡಿದುಕೊಳ್ಳುವುದರಿಂದ ಒಗರು ಇಳಿಯುತ್ತದೆ, ಗಟ್ಟಿ ಅಸ್ಸಾಂ ಟೀಗೆ ಅದು ಒಪ್ಪುತ್ತದೆ. ಮೊದಲು ಹಾಗೇ ಕುಡಿದು ನೋಡಿ, ಆಮೇಲೆ ಹಾಕಿ. ಫಸ್ಟ್ ಫ್ಲಶ್‌ಗೆ ಮಾತ್ರ ದಯವಿಟ್ಟು ಬೇಡ.

ಎಲೆಯನ್ನು ಗಾಳಿ, ಬೆಳಕು, ತೇವ ತಾಗದ ಡಬ್ಬಿಯಲ್ಲಿಡಿ, ಗಾಜಿನ ಡಬ್ಬಿಯಾದರೆ ಕಪಾಟಿನ ಕತ್ತಲಲ್ಲಿ. ಮಸಾಲೆ ಪದಾರ್ಥದ ಹತ್ತಿರ ಬೇಡವೇ ಬೇಡ, ಟೀ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಅಸ್ಸಾಂ, ಯುನ್ನಾನ್ ಟೀಗಳು ಹೀಗಿಟ್ಟರೆ ಒಂದೆರಡು ವರ್ಷ ಚೆನ್ನಾಗಿರುತ್ತವೆ. ಫಸ್ಟ್ ಫ್ಲಶ್‌ನ ಹಸಿ ಘಮ ಅಷ್ಟು ದಿನ ನಿಲ್ಲುವುದಿಲ್ಲ, ಆ ವರ್ಷದ್ದನ್ನು ಆ ವರ್ಷವೇ ಕುಡಿದು ಮುಗಿಸಿ.