ಮಗುವಿನ ಮುಖದ ಗುಳ್ಳೆ ವಾರಗಟ್ಟಲೆ ಹೋಗದಿದ್ದರೆ

ಮಗುವಿನ ಕೆನ್ನೆಯಲ್ಲಿ ನಾಲ್ಕು ಗುಳ್ಳೆ ಎದ್ದರೆ ಸಾಕು, ಮನೆಯಲ್ಲಿ ಎಂಟು ಔಷಧಿ ಹುಟ್ಟಿಕೊಳ್ಳುತ್ತವೆ. ಅತ್ತೆ ಹರಳೆಣ್ಣೆ ಅನ್ನುತ್ತಾರೆ, ಪಕ್ಕದ ಮನೆಯವರು ಬೇವಿನ ಸೊಪ್ಪು ಅರೆದು ಹಚ್ಚಿ ಅನ್ನುತ್ತಾರೆ, ಗಂಡ ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತಂದುಬಿಡುತ್ತಾನೆ. ಒಂದರ ಮೇಲೊಂದು ಹಚ್ಚಿ ಮೂರು ವಾರ ಕಳೆಯುವ ಹೊತ್ತಿಗೆ, ಮೊದಲು ಇದ್ದದ್ದು ಯಾವುದು, ಹಚ್ಚಿದ್ದರಿಂದ ಬಂದದ್ದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಬಾಣಂತನಗಳು ಸಾಕಷ್ಟು ಆಗಿವೆ, ಮಗಳಂದಿರದ್ದೂ ಸೊಸೆಯಂದಿರದ್ದೂ. ಅದರಿಂದ ನನಗೆ ಗಟ್ಟಿಯಾದ ಮಾತು ಒಂದೇ: ಹೊಸದಾಗಿ ಏನಾದರೂ ಹಚ್ಚುವ ಮೊದಲು, ಈಗ ಆ ಮುಖವನ್ನು ಏನೇನು ಮುಟ್ಟುತ್ತಿದೆಯೋ ಅದನ್ನು ಬಿಡಿಸಿ.

ಡಾಕ್ಟರು ಬರೆದುಕೊಟ್ಟದ್ದು ಇದ್ದರೆ ಅದನ್ನು ಮುಂದುವರಿಸಿ. ಉಳಿದದ್ದೆಲ್ಲ ನಾಲ್ಕೈದು ದಿನ ಬಂದ್. ಎಣ್ಣೆ, ಪೌಡರ್, ಅರಿಶಿನ, ಕಡಲೆಹಿಟ್ಟು, ಕಾಡಿಗೆ ಯಾವುದೂ ಮುಖಕ್ಕೆ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆ ಹತ್ತಿಬಟ್ಟೆ ಅದ್ದಿ ಒರೆಸಿ, ಅಷ್ಟೇ. ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಒಂದು ಫೋಟೋ ತೆಗೆದಿಡಿ. ರಾತ್ರಿ ಟ್ಯೂಬ್‌ಲೈಟ್ ಬೆಳಕಲ್ಲಿ ಮುಖದ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ವಿಡಿಯೋ ಕಾಲ್‌ನಲ್ಲಂತೂ ಏನೂ ಕಾಣುವುದಿಲ್ಲ. ಪರದೇಶದಲ್ಲಿರುವ ಮಕ್ಕಳು ಫೋನನ್ನು ಕೂಸಿನ ಕೆನ್ನೆಗೇ ಹಿಡಿದು "ಅಮ್ಮಾ ಇದೇನು ನೋಡಿ" ಅಂದರೆ ನಾನು ಮೊದಲು ಕೇಳುವುದು ಹಗಲು ಬೆಳಕಿನ ಫೋಟೋ.

ಆಮೇಲೆ ವಯಸ್ಸು ನೋಡಿ. ಹುಟ್ಟಿದ ಎರಡು ಮೂರು ದಿನಕ್ಕೇ ಅಲ್ಲಲ್ಲಿ ಕೆಂಪು ಕಲೆ, ನಡುವೆ ಹಳದಿ ಚುಕ್ಕೆ ಬಂದಿದ್ದು, ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಅದು ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಮೂಗಿನ ಮೇಲಿನ ಪುಟ್ಟ ಬಿಳಿ ಚುಕ್ಕೆಗಳೂ ಹಾಗೇ, ಅವನ್ನು ಹಿಸುಕಬೇಡಿ. ಎರಡರಿಂದ ನಾಲ್ಕು ವಾರದ ಹೊತ್ತಿಗೆ ಕೆನ್ನೆ, ಹಣೆ, ಮೂಗಿನ ಮೇಲೆ ಮೊಡವೆ ತರದ ಕೆಂಪು ಗುಳ್ಳೆ ಬರುತ್ತದೆ. ನಿಜವಾಗಿಯೂ ಅದು ಎಳೆಮಗುವಿನ ಮೊಡವೆಯೇ. ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಕಡಿಮೆಯಾಗುತ್ತದೆ. ಎಣ್ಣೆ ಹಚ್ಚಿದರೆ ಜಾಸ್ತಿಯಾಗುತ್ತದೆ, ದೊಡ್ಡವರ ಮೊಡವೆ ಕ್ರೀಮ್ ಅಂತೂ ಮುಟ್ಟಿಸಲೇಬಾರದು.

ಬೇಸಿಗೆಯಲ್ಲಿ ಹಣೆ, ಕತ್ತಿನ ಮಡಿಕೆ, ಕುಲಾವಿ ಕಟ್ಟುವ ಜಾಗದಲ್ಲಿ ಸಣ್ಣಸಣ್ಣ ಗುಳ್ಳೆ ಎದ್ದಿದ್ದರೆ ಬೆವರುಸಾಲೆ. ಅದಕ್ಕೆ ಔಷಧಿಯೇ ಬೇಡ, ಕುಲಾವಿ ತೆಗೆಯಿರಿ! ಏಪ್ರಿಲ್ ತಿಂಗಳ ಸೆಕೆಯಲ್ಲೂ ಉಲ್ಲನ್ ಟೋಪಿ, ಕಾಲುಚೀಲ, ಮೇಲೊಂದು ಶಾಲು, ಸಾಲದ್ದಕ್ಕೆ ಮುಚ್ಚಿದ ಕಿಟಕಿ. ಮಗುವಿಗೆ ಗಾಳಿ ಆಡಬೇಕಲ್ವಾ? ಫ್ಯಾನ್ ಹಾಕಿದರೆ ಏನೂ ಆಗುವುದಿಲ್ಲ, ನೇರ ಮುಖಕ್ಕೆ ಬೀಸದ ಹಾಗೆ ನೋಡಿಕೊಂಡರೆ ಆಯಿತು.

ಹುಬ್ಬು, ಕಿವಿಯ ಹಿಂದೆ, ನೆತ್ತಿಯ ಮೇಲೆ ಹಳದಿ ಹೊಟ್ಟು ಜಿಡ್ಡುಜಿಡ್ಡಾಗಿ ಅಂಟಿಕೊಂಡಿದ್ದರೆ ಅದು ಬೇರೆ. ಮಗುವಿಗೆ ಅದರಿಂದ ತುರಿಕೆ ಅಷ್ಟಾಗಿ ಇರುವುದಿಲ್ಲ, ನೋಡುವವರಿಗೇ ಸಂಕಟ. ಸ್ನಾನಕ್ಕೆ ಸ್ವಲ್ಪ ಮೊದಲು ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮೆದುವಾಗಲು ಬಿಡಿ, ಮಕ್ಕಳ ಮೆತ್ತನೆ ಬ್ರಷ್‌ನಲ್ಲಿ ಆಡಿಸಿ, ಆಮೇಲೆ ಎಣ್ಣೆ ಪೂರ್ತಿ ಹೋಗುವ ಹಾಗೆ ತೊಳೆಯಿರಿ. ಎಣ್ಣೆ ಅಲ್ಲೇ ಉಳಿದರೆ ಹೊಟ್ಟು ಇನ್ನೂ ಕೂರುತ್ತದೆ. ಉಗುರಲ್ಲಿ ಕೀಳಬೇಡಿ.

ಇನ್ನು ವಾರಗಟ್ಟಲೆ ಹೋಗದೆ ಕಾಡುವುದು ಮುಖ್ಯವಾಗಿ ಎರಡು: ಜೊಲ್ಲಿನ ಗುಳ್ಳೆ ಮತ್ತು ಇಸುಬು.

ಮೂರು ತಿಂಗಳ ನಂತರ ಜೊಲ್ಲು ಸುರಿಯಲು ಶುರುವಾಗುತ್ತದೆ. ಗಲ್ಲ, ಬಾಯಿಯ ಸುತ್ತ, ಕತ್ತಿನ ಮಡಿಕೆಯೊಳಗೆ ಸದಾ ಒದ್ದೆ. ನಾವು ಸೆರಗಲ್ಲಿ ಪಸಪಸ ಒರೆಸುತ್ತೇವೆ, ಚರ್ಮ ಕಿತ್ತುಹೋಗುತ್ತದೆ. ಒರೆಸಬೇಡಿ, ಒತ್ತಿ ತೆಗೆಯಿರಿ. ಹಾಲು ಕುಡಿಸುವ ಮೊದಲು ಮತ್ತು ಮಲಗಿಸುವ ಮೊದಲು ಗಲ್ಲಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಜೊಲ್ಲು ಚರ್ಮಕ್ಕೆ ತಾಗುವುದಿಲ್ಲ. ಬಿಬ್ ಒದ್ದೆಯಾದ ಕೂಡಲೇ ಬದಲಾಯಿಸಿ. ಆರು ತಿಂಗಳಿಗೆ ರಾಗಿ ಸರಿ ಶುರುಮಾಡಿದಾಗಲೂ ಇದೇ ಕ್ರಮ. ಟೊಮೆಟೊ, ಕಿತ್ತಳೆ ರಸ ತಾಗಿದ ಕಡೆ ಬಾಯಿಯ ಸುತ್ತ ಕೆಂಪಾಗುವುದು ಹಲವು ಸಲ ಹುಳಿಯ ಉರಿ, ಅಲರ್ಜಿ ಅಲ್ಲ.

ಇಸುಬು ಅಂದರೆ ಡಾಕ್ಟರು ಎಕ್ಸಿಮಾ ಅನ್ನುವುದು. ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ಕೆನ್ನೆಯಲ್ಲಿ ಶುರುವಾಗುತ್ತದೆ. ಬೆರಳಿನ ಹಿಂಭಾಗದಿಂದ ಕೆನ್ನೆ ಸವರಿ ನೋಡಿ, ರವೆ ಮುಟ್ಟಿದ ಹಾಗೆ ತರಿತರಿಯಾಗಿರುತ್ತದೆ. ಮಗು ನಿಮ್ಮ ಹೆಗಲಿಗೆ, ಹಾಸಿಗೆಗೆ ಮುಖ ಉಜ್ಜುತ್ತದೆ, ರಾತ್ರಿ ನಿದ್ದೆ ಬಿಟ್ಟು ಗೊಣಗುತ್ತದೆ. ಗಮನಿಸಿ ನೋಡಿದರೆ ಮೂಗಿನ ತುದಿ ಮತ್ತು ಡೈಪರ್ ಹಾಕುವ ಜಾಗ ನುಣುಪಾಗಿಯೇ ಇರುತ್ತದೆ, ಕೆನ್ನೆ, ಹಣೆ, ಕೈಕಾಲಿನ ಹೊರಭಾಗ ಒಣಗಿರುತ್ತದೆ. ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದೆಯಾ, ಬೆಳಿಗ್ಗೆ ಎದ್ದ ಕೂಡಲೇ ಸೀನುವವರು ಇದ್ದಾರಾ ಅಂತ ಯೋಚಿಸಿ. ಇದ್ದರೆ ಅನುಮಾನ ಜಾಸ್ತಿ. ಕಪ್ಪು ಬಣ್ಣದ ಮಕ್ಕಳಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಬೂದುಬೂದಾಗಿಯೋ ಇನ್ನೂ ಕಪ್ಪಾಗಿಯೋ ಕಾಣುತ್ತದೆ. ಅದಕ್ಕೇ ಕಣ್ಣಿಗಿಂತ ಬೆರಳನ್ನು ನಂಬಿ.

ಒಂದೇ ಕೆನ್ನೆಯಲ್ಲಿ ಇದ್ದರೆ ಮಾತ್ರ ಪತ್ತೇದಾರಿ ಕೆಲಸ ಶುರುಮಾಡಬೇಕು. ಯಾವ ಹೆಗಲಿಗೆ ಹಾಕಿಕೊಳ್ಳುತ್ತೀರಿ? ಆ ಕಡೆ ಸಿಂಥೆಟಿಕ್ ನೈಟಿ ಇದೆಯಾ, ಜರಿಯಂಚು ಇದೆಯಾ, ನಿಮ್ಮ ತಲೆಗೆ ಹಚ್ಚಿದ ಎಣ್ಣೆ ಅಲ್ಲಿ ಇಳಿದಿದೆಯಾ? ಹಾಲು ಕುಡಿಯುವಾಗ ಕರಿಮಣಿ ಸರ ತಾಗುತ್ತದಾ? ಅಪ್ಪನ ಗಡ್ಡ ಕೂಡ ಈ ಪಟ್ಟಿಯಲ್ಲಿದೆ. ನಮ್ಮ ಒಂದು ಮೊಮ್ಮಗುವಿಗೆ ಎಡಗೆನ್ನೆಯಲ್ಲಿ ಕಾಸಿನಗಲ ಕೆಂಪಾಗಿ ಸಿಪ್ಪೆ ಏಳುತ್ತಿತ್ತು, ಬಲಗೆನ್ನೆ ಬೆಣ್ಣೆ. ಎಲ್ಲರೂ ಹಾಲು, ಸೋಪು, ನೀರು ಅಂತ ತಲೆಕೆಡಿಸಿಕೊಂಡರು. ಸರಿಯಾಗಿ ನೋಡಿದರೆ ಅದು ದಿನಾ ಸಂಜೆ ದೃಷ್ಟಿಬೊಟ್ಟು ಇಡುವ ಜಾಗ, ಅಂಗಡಿಯ ಕಾಡಿಗೆಯದು. ಬೊಟ್ಟನ್ನು ಅಂಗಾಲಿಗೆ ಇಳಿಸಿದ್ದೇ ತಡ, ಕೆನ್ನೆ ತಿಳಿಯಾಯಿತು. ಕಣ್ಣಿಗಂತೂ ಕಾಡಿಗೆ ಬೇಡವೇ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ.

ಈಗ ಎರೆಯುವ ವಿಷಯ. ಇಲ್ಲಿ ನನ್ನ ಓರಗೆಯವರು ನನ್ನ ಮೇಲೆ ಮುನಿಸಿಕೊಳ್ಳಬಹುದು. ಹಂಡೆ ತುಂಬ ಸುಡುಸುಡು ನೀರು, ಕಡಲೆಹಿಟ್ಟು ಇಲ್ಲವೇ ಹೆಸರುಹಿಟ್ಟು ಹಾಕಿ ತಿಕ್ಕುವುದು, ಆಮೇಲೆ ಸಾಂಬ್ರಾಣಿ ಹೊಗೆ, ಈ ಮೂರೂ ಒಣಚರ್ಮದ ಮಗುವಿಗೆ ಶತ್ರು. ಹಿಟ್ಟು ಚರ್ಮದ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ, ಹೊಗೆ ಚರ್ಮಕ್ಕೂ ಆಗದು, ಎಳೆಯ ಶ್ವಾಸಕೋಶಕ್ಕೂ ಆಗದು. ಎರೆಯುವ ಅಜ್ಜಿ ಬೇಸರ ಮಾಡಿಕೊಂಡರೆ "ಕಾಲು ತೊಡೆ ನೀವೇ ತಟ್ಟಿ, ಮುಖ ಮಾತ್ರ ನಾನು ನೋಡಿಕೊಳ್ಳುತ್ತೇನೆ" ಅಂತ ನಯವಾಗಿ ಹೇಳಿ. ನೀರನ್ನು ಮೊಣಕೈಗೆ ಹಾಕಿ ನೋಡಿ, ಬಿಸಿ ಅನ್ನಿಸಬಾರದು, ಹಿತವಾಗಿರಬೇಕು. ಐದರಿಂದ ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಲಿ. ಮುಖಕ್ಕೆ ಸೋಪು ಬೇಕಿಲ್ಲ, ಉಳಿದ ಕಡೆ ಬೇಕೆನಿಸಿದರೆ ವಾಸನೆಯಿಲ್ಲದ ಮೆದು ಸೋಪು ಸ್ವಲ್ಪ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸೋಪು ನೊರೆ ಬಾರದೆ ಚರ್ಮದ ಮೇಲೇ ಕೂರುತ್ತದೆ, ಅಲ್ಲಿ ಸೋಪು ಇನ್ನೂ ಕಡಿಮೆ ಮಾಡಿ.

ಸ್ನಾನಕ್ಕಿಂತ ಮುಖ್ಯ ಸ್ನಾನ ಆದ ಮೇಲಿನ ಮೂರು ನಿಮಿಷ. ಟವೆಲಿನಿಂದ ಒತ್ತಿ ನೀರು ತೆಗೆಯಿರಿ, ಚರ್ಮ ಇನ್ನೂ ತುಸು ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಮಂದ ಕ್ರೀಮ್ ಇರಲಿ, ನೀರುನೀರು ಲೋಷನ್ ಬೇಡ, ಘಮಘಮ ವಾಸನೆಯದ್ದು ಬೇಡವೇ ಬೇಡ. ದುಬಾರಿಯದ್ದೇ ಆಗಬೇಕಿಲ್ಲ, ಬಿಳಿ ಪೆಟ್ರೋಲಿಯಂ ಜೆಲ್ಲಿಯೂ ಕೆಲಸ ಮಾಡುತ್ತದೆ. ಕೊಬ್ಬರಿ ಎಣ್ಣೆ ಹಲವು ಮಕ್ಕಳಿಗೆ ಒಗ್ಗುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಒಣಚರ್ಮವನ್ನು ಇನ್ನಷ್ಟು ಕೆಡಿಸುತ್ತವೆ, ಪೇಟೆಯಲ್ಲಿ ಎಷ್ಟೇ ಹೊಗಳಿದರೂ ದೂರ ಇಡಿ. ದಿನಕ್ಕೆ ಎರಡು ಸಲ ಹಚ್ಚಲೇಬೇಕು, ಚಳಿಗಾಲದಲ್ಲಿ ಮೂರು ನಾಲ್ಕು ಸಲ ಆದರೂ ತಪ್ಪಲ್ಲ. ಉಜ್ಜಬೇಡಿ, ಮೇಲಿಂದ ಕೆಳಕ್ಕೆ ಸವರಿ ಬಿಡಿ. ಕೆನ್ನೆ ಚೆನ್ನಾಗಿ ಕಂಡ ಮೇಲೂ ನಿಲ್ಲಿಸಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಇಸುಬು ಹೋಗುತ್ತದೆ, ಮತ್ತೆ ಬರುತ್ತದೆ, ಶಾಲೆಗೆ ಹೋಗುವ ವಯಸ್ಸಿಗೆ ಬಹಳ ಮಕ್ಕಳಿಗೆ ಕಡಿಮೆಯಾಗುತ್ತದೆ. ಅಮೆರಿಕದಂಥ ಚಳಿ ಊರಲ್ಲಿ ಹೀಟರ್ ಹಾಕಿ ಕೂತವರಿಗೆ ಈ ಮಾತು ಇನ್ನೂ ಅನ್ವಯ, ಒಣಗಾಳಿ ಕೆನ್ನೆಯನ್ನು ಮೊದಲು ಹಿಡಿಯುತ್ತದೆ.

ಉಗುರು ಚಿಕ್ಕದಾಗಿ ಕತ್ತರಿಸಿಡಿ. ಬಟ್ಟೆಗೆ ಸೋಪಿನ ಪುಡಿ ಹಾಕಿದರೆ ಒಂದು ಸಲ ಜಾಸ್ತಿ ಜಾಲಿಸಿ. ಹಳೇ ಪಂಚೆ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಒಳ್ಳೆಯ ಹಾಸು ಇನ್ನೊಂದಿಲ್ಲ.

ಟ್ಯೂಬ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ "ಗುಳ್ಳೆಗೆ ಏನಾದರೂ ಕೊಡಿ" ಅಂದರೆ ಹಲವು ಸಲ ಕೈಗೆ ಬರುವುದು ಜೋರಾದ ಸ್ಟೆರಾಯ್ಡ್ ಬೆರೆತ ಮುಲಾಮು. ಎರಡೇ ದಿನಕ್ಕೆ ಮಾಯವಾದ ಹಾಗೆ ಕಾಣುತ್ತದೆ, ಬಿಟ್ಟರೆ ದುಪ್ಪಟ್ಟಾಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕೆನ್ನೆಯ ಚರ್ಮ ತೆಳ್ಳಗಾಗಿ ಬಿಳಿಚಿಕೊಳ್ಳುತ್ತದೆ. ಇಂಥವನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ. ಹಾಗಂತ ಡಾಕ್ಟರು ಮಗುವನ್ನು ನೋಡಿ, ಸೌಮ್ಯವಾದ ಸ್ಟೆರಾಯ್ಡ್ ಬರೆದು, ಇಷ್ಟೇ ದಿನ ಅಂತ ಹೇಳಿದರೆ ಹೆದರಿ ಬಿಡಬೇಡಿ. ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿ. ಅರ್ಧಕ್ಕೆ ಬಿಟ್ಟು ಮಗುವನ್ನು ತುರಿಸಿಕೊಳ್ಳಲು ಬಿಡುವುದು ಅದಕ್ಕಿಂತ ಕೆಟ್ಟದ್ದು.

ಇನ್ನು ಬಾಣಂತಿಯ ಊಟ. ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಕುಂಬಳಕಾಯಿ ಶೀತ ಅಂತ ಒಂದೊಂದೇ ತಟ್ಟೆಯಿಂದ ಎತ್ತಿ, ಕೊನೆಗೆ ಅನ್ನ, ಮೆಣಸಿನ ಸಾರು ಉಳಿಸಿ, "ನಿನ್ನ ಹಾಲೇ ಸರಿಯಿಲ್ಲ" ಅಂತ ಆ ಹುಡುಗಿಯನ್ನು ಅಳಿಸುವ ಮನೆಗಳನ್ನು ಕಂಡಿದ್ದೇನೆ. ಸುಮ್ನೆ ಇರಿ. ಮುಖದ ಗುಳ್ಳೆಗೆ ತಾಯಿಯ ಊಟ ಕಾರಣವಾಗುವುದು ಬಹಳ ಕಡಿಮೆ. ಮಗುವಿನ ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ತೂಕ ಏರದಿರುವುದು ಇದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದಾ ಅಂತ ಡಾಕ್ಟರನ್ನು ಕೇಳಿ, ಅವರು ಹೇಳಿದರೆ ಮಾತ್ರ ಹಾಲು ಮೊಸರು ಬಿಡಿ.

ಮನೆಮದ್ದಿಗೆ ಕಾಯಬಾರದ ಹೊತ್ತೂ ಇದೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗುಳ್ಳೆ ಇರಲಿ ಬಿಡಲಿ, ತಕ್ಷಣ ಹೊರಡಿ. ಮೊದಲ ತಿಂಗಳಲ್ಲಿ ನೀರು ತುಂಬಿದ ಬೊಕ್ಕೆ ಎದ್ದರೆ ಅದೇ ದಿನ ತೋರಿಸಿ. ಇಸುಬು ಇರುವ ಜಾಗದಲ್ಲಿ ಗುಂಪುಗುಂಪಾಗಿ ನೀರುಗುಳ್ಳೆ ಎದ್ದು ಮಗು ಸೊರಗಿದರೂ ಅಷ್ಟೇ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದಿರುವವರು ಯಾರೇ ಆಗಲಿ, ಮಗುವಿಗೆ ಮುತ್ತು ಕೊಡಬಾರದು. ಜೇನಿನ ಬಣ್ಣದ ಹಕ್ಕಳೆ ಕಟ್ಟಿ ಕೀವು ಸೋರುತ್ತಿದ್ದರೆ ಅದು ಸೋಂಕು, ಔಷಧಿ ಬೇಕು. ಏನಾದರೂ ತಿಂದ ಕೂಡಲೇ ಪಿತ್ತದ ಗಂಧೆ ಎದ್ದು ತುಟಿ, ಕಣ್ಣು ಊದಿದರೆ, ಉಸಿರು ಕಟ್ಟಿದರೆ ಆಸ್ಪತ್ರೆ. ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ನೇರಳೆ ಚುಕ್ಕೆ ಕಂಡರೂ ಹಾಗೇ. ರಾತ್ರಿ ಮನೆಮಂದಿಯೆಲ್ಲ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು, ಹಾಗಿದ್ದರೆ ಎಲ್ಲರಿಗೂ ಒಟ್ಟಿಗೇ ಔಷಧಿ ಆಗಬೇಕು. ಇವೇನೂ ಇಲ್ಲದೆ, ಎರಡು ವಾರ ಸರಿಯಾಗಿ ನೋಡಿಕೊಂಡರೂ ಇಳಿಯದಿದ್ದರೆ ಮಕ್ಕಳ ಡಾಕ್ಟರಿಗೋ ಚರ್ಮದ ಡಾಕ್ಟರಿಗೋ ತೋರಿಸಿ.

ಹೋಗುವ ದಿನ ಬೆಳಿಗ್ಗೆ ಮುಖಕ್ಕೆ ಏನೂ ಹಚ್ಚಬೇಡಿ, ಅರಿಶಿನ ಬಳಿದರೆ ಕೆಂಪು ಎಷ್ಟಿದೆ ಅಂತ ಅವರಿಗೆ ಕಾಣುವುದಿಲ್ಲ. ಕಿಟಕಿ ಬೆಳಕಿನ ಫೋಟೋಗಳನ್ನು ತೋರಿಸಿ. ಹಚ್ಚಿದ ಟ್ಯೂಬ್, ಎಣ್ಣೆ, ನಾಟಿ ಔಷಧಿ ಎಲ್ಲವನ್ನೂ ಒಂದು ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಬೈಯುತ್ತಾರೆ ಅಂತ ಮೆಡಿಕಲ್ ಶಾಪಿನ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ, ಅವರು ಮೊದಲು ನೋಡಬೇಕಾದದ್ದೇ ಅದು.